ಐದು ಕೆಜಿ ಟ್ಯಾಂಕೂ ಪಾಲಾಕ್ಷನ ಬೆನ್ನೂ

ಅಗ್ನಿಶಾಮಕ ಠಾಣೆಯ ಪಾಲಾಕ್ಷನಿಗೆ ಬೆಂಕಿಯೆಂದರೆ ಹೆದರಿಕೆಯಿರಲಿಲ್ಲ. ಹೆದರಿಕೆಯೆಲ್ಲ ಹೊಗೆಯೊಳಗೆ ನುಗ್ಗುವಾಗ ಬೆನ್ನಿಗೇರುವ ಉಕ್ಕಿನ ಗಾಳಿ ಟ್ಯಾಂಕಿನದು. ಬರೋಬ್ಬರಿ ಹದಿನೈದು ಕೆಜಿ. ಅದನ್ನು ಹೊತ್ತು ನಿಂತರೆ ಮನುಷ್ಯ ಪ್ರಶ್ನಾರ್ಥಕ ಚಿಹ್ನೆಯಾಗುತ್ತಿದ್ದ. ಬೆನ್ನುನೋವೆಂದು ಠಾಣೆಯಲ್ಲಿ ದಿನವೂ ಗೋಳಾಡುತ್ತಿದ್ದ.

ಹಾಗಾಗಿ ಎಂಜಿನಿಯರ್ ಕೀರ್ತನಾ ಮೇಡಂ ತಮ್ಮ ಕಂಪನಿಯ ಹೊಸ ಟ್ಯಾಂಕನ್ನು ಪರೀಕ್ಷೆಗೆ ತಂದಾಗ, ಜೊತೆಗಾರ ರಾಮಾಂಜಿನಿಯನ್ನು ಹಿಂದೆ ತಳ್ಳಿ ಸ್ಲೋಮೋಷನ್ನಿನಲ್ಲಿ ಎಂಟ್ರಿ ಕೊಟ್ಟ. ಕಾರ್ಬನ್ ನಾರು ಸುತ್ತಿದ ಟ್ಯಾಂಕು, ಬರೀ ಐದು ಕೆಜಿ!

ಮುಖವಾಡ ಹಾಕಿಕೊಂಡು, ಆ ಟ್ಯಾಂಕಿನ ಗಾಳಿ ಎಳೆಯುತ್ತ ಗುಡೇಕೋಟೆಯ ಗುಡ್ಡ ಹತ್ತಬೇಕು. ಮುಖವಾಡ ತೆಗೆದರೆ ಫೇಲ್, ತೇಕಿದರೂ ಫೇಲ್. ಪಾಸಾದರೆ ಠಾಣೆಗೆ ಒಂದು ಹಗುರ ಟ್ಯಾಂಕು ಖಾಯಂ. ಅದು ತನ್ನದೇ ಎಂದು ಪಾಲಾಕ್ಷ ಆಗಲೇ ತೀರ್ಮಾನಿಸಿದ್ದ. ಮೇಡಂ, ಠಾಣಾಧಿಕಾರಿ ಜಂಬುನಾಥ ಮತ್ತು ರಾಮಾಂಜಿನಿ ಮೊದಲೇ ಹತ್ತಿ ತುದಿಯಲ್ಲಿ ಕಾಯುತ್ತಿದ್ದರು.

ಆದರೆ ಆ ಗುಡ್ಡವನ್ನು ಬರಿಗೈಲಿ ಹತ್ತಲು ಊರವರು ಬಿಡುವುದಿಲ್ಲ. ಮೇಲೆ ಕುರಿ ಮೇಯಿಸುವವರಿಗೆ ಏನಾದರೂ ಕೊಟ್ಟೇ ಕಳಿಸುತ್ತಾರೆ. ಬುಡದಲ್ಲೇ ಜಂಬಕ್ಕ ಅಡ್ಡ ಬಂದು ಒಂದು ಬೆರಳಿನಿಂದ ಟ್ಯಾಂಕನ್ನು ಎತ್ತಿ ನೋಡಿದಳು.

"ಅಯ್ಯ, ಬೆಂಡಿನಂಗೈತಲ್ಲೋ ತಮ್ಮ. ಈ ರೊಟ್ಟಿ ಗಂಟು ನಮ್ ಮನಿಯವ್ರಿಗೆ ಮುಟ್ಟಿಸಿಬಿಡು."

ಮುಖವಾಡದೊಳಗಿಂದ ಮಾತಾಡಲಾಗದೆ ಪಾಲಾಕ್ಷ ಒಲ್ಲೆನೆಂದು ಜೋರಾಗಿ ತಲೆಯಾಡಿಸಿದ. ಬಾಯಿಬಿಟ್ಟು ಒಲ್ಲೆ ಎನ್ನದವನ ಒಲ್ಲೆಯನ್ನು ಅಲ್ಲಿ ಯಾರೂ ಗಣನೆಗೆ ತಗೊಳ್ಳುವುದಿಲ್ಲ. ಗಂಟು ಬೆನ್ನಿಗೇರಿತು. ಪಕ್ಕದ ಮನೆಯ ಪಾಲಮ್ಮ ಎರಡು ನೀರಿನ ಕ್ಯಾನು ತಂದು ಅವನ ಎರಡೂ ಕೈಗೆ ಸಿಕ್ಕಿಸಿದಳು. ಅರ್ಧ ಗುಡ್ಡದಲ್ಲಿ ಕುರಿ ಕಾಯುವ ಚೌಡಣ್ಣ ಸಿಕ್ಕ, ಕಾಲು ಉಳುಕಿದ ಮರಿಯೊಂದಿಗೆ.

"ಹೆಂಗೂ ಹಗುರ ಟ್ಯಾಂಕಂತಲ್ಲ ಮಾರಾಯ, ಇದನ್ನೂ ಒಯ್ದುಬಿಡು. ನಾಕು ಹೆಜ್ಜಿ ಅಷ್ಟ."

ಮರಿ ಕುತ್ತಿಗೆ ಮೇಲೆ ಕೂತು ಕಿವಿಯಲ್ಲೇ ಹಿನ್ನೆಲೆ ಸಂಗೀತ ಶುರುಮಾಡಿತು. ಪಾಲಾಕ್ಷನ ಜೀವ ಕ್ಲೈಮ್ಯಾಕ್ಸಿಗೆ ಬಂದಿತ್ತು. ಆದರೆ ತೇಕುವಂತಿಲ್ಲವಲ್ಲ! ಮುಖವಾಡದ ಗಾಜಿನೊಳಗೆ ಹಲ್ಲು ಕಿರಿಯುತ್ತಲೇ ತುದಿ ಮುಟ್ಟಿದ.

ಕೀರ್ತನಾ ಮೇಡಂ ಅವನ ಮೈಮೇಲಿದ್ದದ್ದನ್ನೆಲ್ಲ ತಾವು ತಂದಿದ್ದ ತಕ್ಕಡಿಗೆ ಹಾಕಿ ಬೆರಗಾದರು. ಇಪ್ಪತ್ತೇಳು ಕೆಜಿ! ಟ್ಯಾಂಕು ಪಾಸು ಎಂದು ಬರೆದುಕೊಂಡರು. ಪಾಲಾಕ್ಷನ ಕಣ್ಣು ತುಂಬಿ ಬಂತು. ಜಂಬುನಾಥ ಓಡಿಬಂದು ತಬ್ಬಿಕೊಂಡರು.

"ಇಷ್ಟು ದಿನ ಬೆನ್ನುನೋವು ಅಂತ ಎಷ್ಟು ಚಲೋ ಆ್ಯಕ್ಟಿಂಗ್ ಮಾಡೀಯಲೇ ಪಾಲಾಕ್ಷ. ಇಪ್ಪತ್ತೇಳು ಕೆಜಿ ನಕ್ಕೋತ ಹೊರೋನಿಗೆ ಹದಿನೈದು ಯಾವ ಮೂಲಿಗೆ? ಹಗುರದ್ದು ಆ ಬಡಕಲು ರಾಮಾಂಜಿನಿಗೆ ಇರ್ಲಿ. ನಾಳಿಂದ ಅವನ ಉಕ್ಕಿನ ಟ್ಯಾಂಕೂ ಸ್ಪೇರ್ ಅಂತ ನಿನ್ ಬೆನ್ನಿಗೇ ಕಟ್ಗೊ."