ಪರದೆ ಮೇಲೆ ದೇರಪ್ಪನ ಮಿಷನ್ನು

ದೇರಪ್ಪ: ನೂರು ಸಲ ಕೇಳಿದ್ರೂ ಅದೇ ಹೇಳ್ತೇನೆ. ಅದು ನನ್ನ ಮಿಷನ್ನು.

ಮೊಣ್ಣಪ್ಪ: ಅದು ಸಿನಿಮಾ ಮಾರಾಯ. ಮದ್ರಾಸಿನಲ್ಲಿ ತೆಗೆದದ್ದು. ನಿನ್ನ ಟೈಪ್‌ರೈಟರು ಮಡಿಕೇರಿಯಿಂದ ಮದ್ರಾಸಿಗೆ ನಡ್ಕೊಂಡು ಹೋಯ್ತಾ?

ದೇರಪ್ಪ: ಹರಾಜಿನಲ್ಲಿ ಹೋಯ್ತು. ಕೊಡಗು ಮೈಸೂರಿಗೆ ಸೇರಿದ ವರ್ಷ ಕಚೇರಿಯ ಹಳೇ ಸಾಮಾನೆಲ್ಲ ಅಂಗಳದಲ್ಲಿಟ್ಟು ಕೂಗಿದ್ರಲ್ಲ. ಆರು ಕುರ್ಚಿ, ಒಂದು ಗೋಡೆ ಗಡಿಯಾರ, ನನ್ನ ಅಂಡರ್‌ವುಡ್ ಮಿಷನ್ನು. ಯಾರೋ ಒಬ್ಬ ಸಾಹುಕಾರ ಬಂದು ಮೂರನ್ನೂ ಲಾರಿಗೆ ಹಾಕ್ಕೊಂಡು ಹೋದ.

ಮೊಣ್ಣಪ್ಪ: ನಾನು ನೋಡಿದ್ದು ರೆಮಿಂಗ್ಟನ್ನು. ನಮ್ಮ ಎಸ್ಟೇಟ್ ಆಫೀಸಿನಲ್ಲಿ ಉಂಟಲ್ಲ, ಅದೇ ತರ.

ದೇರಪ್ಪ: ನಿಮ್ಮ ಗುಮಾಸ್ತ ಅದರ ಮೇಲೆ ಚಾ ಲೋಟ ಇಡ್ತಾನೆ. ನಿನಗೆ ಗೊತ್ತಿರೋದು ಆ ಲೋಟ. ಮಿಷನ್ನಿನ ವಿಷಯ ನೀನು ಮಾತಾಡ್ಬೇಡ.

ಹಿಂದಿನ ದಿನ ಸಂಜೆ ಮೂವರೂ ಟಾಕೀಸಿಗೆ ಹೋಗಿದ್ದರು. ಮೂವರೆಂದರೆ ಇಪ್ಪತ್ತೈದು ವರ್ಷಗಳಿಂದ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿರುವ ದೇರಪ್ಪ, ಅವನ ಹೆಂಡತಿ ಬೊಳ್ಳಮ್ಮ, ಕಕ್ಕಬೆಯಿಂದ ಯಾವುದೋ ಕೆಲಸಕ್ಕೆ ಬಂದು ರಾತ್ರಿ ಇಲ್ಲೇ ಉಳಿದ ಗೆಳೆಯ ಮೊಣ್ಣಪ್ಪ. ಅಲ್ಲಿ ಹತ್ತಿದ ಜಗಳ ಈಗ ಭಾನುವಾರ ಮಧ್ಯಾಹ್ನವಾದರೂ ಆರಿರಲಿಲ್ಲ. ಬೊಳ್ಳಮ್ಮ ಅಡುಗೆಮನೆ ಬಾಗಿಲಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ಬೊಳ್ಳಮ್ಮ: ಸಿನಿಮಾದಲ್ಲಿ ಆ ಟೈಪಿಸ್ಟ್ ಹುಡುಗಿಯ ಕೆಲಸ ಹೋಯ್ತು ಅಂತ ಇಡೀ ಟಾಕೀಸು ಅಳ್ತಾ ಇತ್ತು. ಇವರು ಎದ್ದು ನಿಂತು, 'ಬೆರಳು ತಪ್ಪಿಟ್ಟಿದ್ದಾಳೆ' ಅಂತ ಕೂಗಿದ್ರು.

ದೇರಪ್ಪ: ತಪ್ಪೇ ಇಟ್ಟಿದ್ಲು. ಅಳೋಕೆ ಕಲಿಸಿದವರು ಟೈಪ್ ಕಲಿಸ್ಲಿಲ್ಲ.

ಬೊಳ್ಳಮ್ಮ: ಹಿಂದಿನ ಬೆಂಚಿನವರು ಕಡಲೆಕಾಯಿ ಸಿಪ್ಪೆ ಎಸೆದ್ರು. ನನ್ನ ತಲೆಗೆ ಬಿತ್ತು.

ದೇರಪ್ಪ: ಬೀಳಲಿ. ಕೀಬೋರ್ಡಿನ ಎರಡನೇ ಸಾಲು ನೋಡಿದ್ಯಾ ನೀನು? ಬಲಗಡೆ ಕೊನೇ ಗುಂಡಿ ಇಲ್ಲ. ಅದರ ಜಾಗದಲ್ಲಿ ಬಿಳೀ ಅಂಗಿ ಗುಂಡಿ ಉಂಟು. ಅದನ್ನ ಅರಗು ಹಾಕಿ ಅಂಟಿಸಿದ್ದು ನಾನು.

ಮೊಣ್ಣಪ್ಪ: ಅದು ಲೈಟಿನ ಹೊಳಪು.

ದೇರಪ್ಪ: ಹೊಳಪಿಗೆ ನಾಲ್ಕು ತೂತು ಇರ್ತದಾ?

ಮೊಣ್ಣಪ್ಪ ನಕ್ಕುಬಿಟ್ಟ. ದೇರಪ್ಪನಿಗೆ ನಗು ಬರಲಿಲ್ಲ. ಇಪ್ಪತ್ತು ವರ್ಷ ಆ ಯಂತ್ರದ ಮುಂದೆ ಕುಳಿತವನು ಅವನು. ಎಂಥೆಂಥ ದೊಡ್ಡವರ ಹುಕುಂಗಳೆಲ್ಲ ಅವನ ಬೆರಳಿನಿಂದಲೇ ಹೊರಟಿದ್ದವು, ಆದರೆ ಕೆಳಗೆ ಸಹಿ ಮಾತ್ರ ಬೇರೆಯವರದು. ಈಗ ಬಂದಿರುವ ಹೊಸ ಮಿಷನ್ನಿನಲ್ಲಿ ಯಾರು ಕುಟ್ಟಿದರೂ ಒಂದೇ. ತಾನೂ ಒಬ್ಬ ಇದ್ದೆ ಎಂಬುದಕ್ಕೆ ಸಾಕ್ಷಿ ಹೇಳಲು ಲೋಕದಲ್ಲಿ ಉಳಿದಿದ್ದು ಆ ಹಳೆಯ ಮಿಷನ್ನೊಂದೇ ಎಂದು ಅವನಿಗೆ ಅನಿಸಿತ್ತು. ಅದು ಬೆಳ್ಳಿಪರದೆಯ ಮೇಲೆ ಬಂದು ನಿಂತರೂ ಸ್ವಂತ ಗೆಳೆಯ ನಂಬುವುದಿಲ್ಲವೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆ ಉರಿಯಲ್ಲೇ ರಾತ್ರಿ ಪಂಥ ಕಟ್ಟಿದ್ದ. ಸೋತವನು ಮೀಸೆ ತೆಗೆಯಬೇಕು. ದೇರಪ್ಪನದು ಸುಮಾರಾದ ಮೀಸೆಯೇನಲ್ಲ. ಆಳಿಗಿಂತ ಮೀಸೆಯೇ ಮೊದಲು ಕಚೇರಿ ತಲುಪುತ್ತದೆ ಎಂದು ಊರವರು ಹೇಳುತ್ತಿದ್ದರು.

ದೇರಪ್ಪ: ಗುಂಡಿ ಬಿಡು. ಕಾಗದ ದೊಡ್ಡದಾಗಿ ತೋರಿಸಿದ್ರಲ್ಲ, ಅದರಲ್ಲಿ ಇಂಗ್ಲಿಷಿನ 'ಇ' ಸಾಲು ಬಿಟ್ಟು ಮೇಲೆ ಹಾರಿತ್ತಾ ಇಲ್ವಾ?

ಮೊಣ್ಣಪ್ಪ: ಹಾರಿತ್ತು. ಅದು ನಾನೂ ನೋಡಿದೆ. ಸುಳ್ಳು ಹೇಳೋದಿಲ್ಲ.

ದೇರಪ್ಪ: ನಾನು ಕೆಲಸಕ್ಕೆ ಸೇರಿದ ವರ್ಷ ಜವಾನ ಮಿಷನ್ನನ್ನ ಮೆಟ್ಟಿಲ ಮೇಲಿಂದ ಬೀಳಿಸಿದ. ಅವತ್ತಿಂದ ಅದರ 'ಇ' ಒಂದು ಗೆರೆ ಮೇಲೆ, ಎಡಕ್ಕೆ ಸ್ವಲ್ಪ ವಾಲಿಕೊಂಡು. ಲೋಕದಲ್ಲಿ ಇನ್ನೊಂದು ಮಿಷನ್ನು ಹಾಗೆ ಬೀಳೋದಿಲ್ಲ.

ಮೊಣ್ಣಪ್ಪ: ಅದಕ್ಕೆ ಪುರಾವೆ ಎಲ್ಲುಂಟು? ನಿನ್ನ ಮಿಷನ್ನಿನಲ್ಲಿ ಹೊಡೆದ ಒಂದು ಕಾಗದ ತೋರಿಸು. 'ಇ' ಹಾಗೇ ಹಾರಿದ್ರೆ ಈಗಲೇ ಕ್ಷೌರದ ಕತ್ತಿ ತರಿಸು, ಕೂತ್ಕೊಳ್ತೇನೆ.

ದೇರಪ್ಪ: ಕಚೇರಿ ಕಾಗದ ಮನೆಗೆ ತಂದವನಲ್ಲ ನಾನು. ಒಂದು ಹಾಳೆ ಸಹ ಇಲ್ಲ.

ಮೊಣ್ಣಪ್ಪ: ಹಾಗಾದ್ರೆ ಕತ್ತಿ ನಿನಗೆ ತರಿಸೋಣ.

ಬೊಳ್ಳಮ್ಮ ಬೆಳ್ಳುಳ್ಳಿ ಸಿಪ್ಪೆ ಕೊಡವಿಕೊಂಡು ಎದ್ದಳು.

ಬೊಳ್ಳಮ್ಮ: ನನ್ನ ಪೆಟ್ಟಿಗೆಯಲ್ಲಿ ಒಂದು ಕಾಗದ ಉಂಟು. ಅದು ಆಗ್ತದಾ ನೋಡಿ.

ಕುರುಡ ಬಯಸಿದ್ದು ಒಂದೇ ಕಣ್ಣು, ದೇವರು ಕೊಟ್ಟದ್ದು ಎರಡು ಎಂಬಂತಾಯಿತು ದೇರಪ್ಪನಿಗೆ. ಹೆಂಡತಿ ತಂದ ಹಳದಿ ಹಾಳೆಯನ್ನು ಕಸಿದುಕೊಂಡು, ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದ. ಟೈಪಿಸ್ಟನಾದವನು ಕಾಗದ ಓದುವುದಿಲ್ಲ, ಅಕ್ಷರ ನೋಡುತ್ತಾನೆ. ಓದುತ್ತ ಕುಳಿತರೆ ಕೈ ನಿಲ್ಲುತ್ತದೆ ಎಂಬುದು ದೇರಪ್ಪ ಹೊಸಬರಿಗೆಲ್ಲ ಕೊಡುತ್ತಿದ್ದ ಮೊದಲ ಪಾಠ. ಈಗಲೂ ಅವನು ಒಂದೊಂದೇ 'ಇ' ಹುಡುಕಿ ಎಣಿಸಿದನೇ ಹೊರತು ಒಂದು ಪದವನ್ನೂ ಓದಲಿಲ್ಲ.

ದೇರಪ್ಪ: ಬಾ ಇಲ್ಲಿ. ನೋಡು. ಇಲ್ಲಿ ಹಾರಿತು, ಇಲ್ಲಿ ಹಾರಿತು, ಇಲ್ಲೂ ಹಾರಿತು. ವಾಲಿದ್ದು ಕಾಣ್ತದಾ?

ಮೊಣ್ಣಪ್ಪ: ಕಾಣ್ತದೆ. ಸಿನಿಮಾದಲ್ಲಿ ಹೀಗೇ ಇತ್ತು.

ಬೊಳ್ಳಮ್ಮ: ಸರಿಯಾಗಿ ನೋಡಿ ಹೇಳಿ. ಇದು ನಿಮ್ಮ ಮಿಷನ್ನಿನದ್ದೇ ಹೌದಾ?

ದೇರಪ್ಪ: ನನ್ನದೇ.

ಬೊಳ್ಳಮ್ಮ: ಬೇರೆ ಯಾರಾದ್ರೂ ಅದರಲ್ಲಿ ಹೊಡೆದಿರಬಹುದಾ?

ದೇರಪ್ಪ: ಬೇರೆಯವರಾ? ಇಪ್ಪತ್ತು ವರ್ಷ ಇನ್ನೊಬ್ಬರ ಬೆರಳು ಅದಕ್ಕೆ ತಾಗೋಕೆ ಬಿಡ್ಲಿಲ್ಲ. ಮಧ್ಯಾಹ್ನ ಊಟಕ್ಕೆ ಬರುವಾಗ ಬೀಗ ಹಾಕಿ ಬರ್ತಿದ್ದೆ. ಬೇಕಾದ್ರೆ ಇಗ್ಗುತಪ್ಪ ದೇವರ ಆಣೆ.

ಬೊಳ್ಳಮ್ಮ: ಆಣೆ ಎಲ್ಲ ಬೇಡ. ಒಮ್ಮೆ ಓದಿ, ಸಾಕು.

ದೇರಪ್ಪ ಓದಿದ. ಮೊದಲ ಸಾಲಿಗೇ ನಿಲ್ಲಿಸಿದ. ಕಾಗದ ಮಡಿಸಿ ಜೇಬಿಗೆ ಹಾಕಲು ಹೋದ, ಬೊಳ್ಳಮ್ಮ ಅದಕ್ಕೂ ಮೊದಲೇ ಎಳೆದುಕೊಂಡಳು. ಅವಳು ಕಾನ್ವೆಂಟಿನಲ್ಲಿ ಏಳನೆಯ ತರಗತಿ ಮುಗಿಸಿದವಳು. ಇಂಗ್ಲಿಷ್ ನೋಡಿ ಕನ್ನಡದಲ್ಲಿ ಹೇಳುವುದು ಅವಳಿಗೆ ಕಷ್ಟವಾಗಿರಲಿಲ್ಲ.

ಬೊಳ್ಳಮ್ಮ: 'ಮಾನ್ಯರೇ, ತಮ್ಮ ಮಗಳಿಗೆ ಗೊತ್ತುಮಾಡಿರುವ ಕಕ್ಕಬೆಯ ಮೊಣ್ಣಪ್ಪನು ಇಸ್ಪೀಟು ಆಡುವವನೆಂದು ತಿಳಿಸಲು ವಿಷಾದಿಸುತ್ತೇನೆ. ಮಾಹಿತಿಗಾಗಿ ಮತ್ತು ಅಗತ್ಯ ಕ್ರಮಕ್ಕಾಗಿ. ಇತಿ, ಹಿತೈಷಿ. ಪ್ರತಿ: ಕಡತಕ್ಕೆ.'

ಬೊಳ್ಳಮ್ಮನಿಗೆ ಮೊದಲು ನೋಡಿದ್ದ ಗಂಡು ಮೊಣ್ಣಪ್ಪನೇ ಎಂಬುದು ಮೂವರಿಗೂ ಗೊತ್ತಿದ್ದ ಹಳೆಯ ಸಂಗತಿ. ಒಪ್ಪಿದ ಸಂಬಂಧ ಒಂದೇ ವಾರದಲ್ಲಿ ಏಕೆ ಮುರಿಯಿತು ಎಂಬುದು ಮಾತ್ರ ಮೊಣ್ಣಪ್ಪನಿಗೆ ಇಪ್ಪತ್ತೊಂದು ವರ್ಷ ಗೊತ್ತಾಗಿರಲಿಲ್ಲ. ಅವನು ಬೇರೆ ಮದುವೆಯಾಗಿ, ಮಕ್ಕಳಾಗಿ, ಅದನ್ನು ಮರೆತೂ ಆಗಿತ್ತು. ಈಗ ನಿಧಾನಕ್ಕೆ ಗೆಳೆಯನ ಕಡೆ ತಿರುಗಿದ.

ಮೊಣ್ಣಪ್ಪ: ದೇರಪ್ಪ, ಇದು ಯಾರ ಮಿಷನ್ನು?

ದೇರಪ್ಪ: ಈಗ ಸರಿಯಾಗಿ ನೋಡಿದ್ರೆ, 'ಇ' ಅಷ್ಟೇನೂ ಹಾರಿಲ್ಲ.

ಮೊಣ್ಣಪ್ಪ: ಹಾಗಾದ್ರೆ ಮೀಸೆ ತೆಗಿ.

ದೇರಪ್ಪ: ಹಾರಿದೆ ಅಂತಾನೂ ಹೇಳಬಹುದು.

ಮೊಣ್ಣಪ್ಪ: ಹಾಗಾದ್ರೆ ಹಿತೈಷಿ ನೀನೇ.

ಒಂದು ಕಡೆ ಮೀಸೆ, ಒಂದು ಕಡೆ ಮಾನ. ದೇರಪ್ಪ ಎರಡನ್ನೂ ಸವರಿಕೊಂಡು ಕುಳಿತ. ನಿಜಕ್ಕೂ ನಾಚಿಕೆಯಾಗಿತ್ತು ಅವನಿಗೆ. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯ.

ದೇರಪ್ಪ: ತಪ್ಪಾಯ್ತು ಮಾರಾಯ. ಆಗ ನನಗೆ ಇಪ್ಪತ್ತಾರು ವರ್ಷ. ಇವಳು ಕಚೇರಿ ಮುಂದಿನ ರಸ್ತೆಯಲ್ಲೇ ಹೋಗ್ತಿದ್ಲು. ಮದುವೆ ಮುರೀಲಿ ಅಂತ ಹೊಡೆದೆ, ಮುರಿದೇ ಹೋಯ್ತು.

ಬೊಳ್ಳಮ್ಮ: ನಿಮ್ಮ ಕಾಗದದಿಂದ ಮುರೀತು ಅಂದ್ಕೊಂಡಿದ್ದೀರಾ?

ದೇರಪ್ಪ: ಮತ್ತೆ?

ಬೊಳ್ಳಮ್ಮ: ಅಪ್ಪನೇ ದಿನಾ ಇಸ್ಪೀಟು ಆಡ್ತಿದ್ರು. ಅಳಿಯನೂ ಆಡ್ತಾನೆ ಅಂತ ಗೊತ್ತಾಗಿದ್ರೆ ಮದುವೆ ಒಂದು ತಿಂಗಳು ಮೊದಲೇ ಮಾಡಿಸ್ತಿದ್ರು. ಅವರಿಗೆ ಇಂಗ್ಲಿಷ್ ಬರ್ತಿರ್ಲಿಲ್ಲ. ಓದಿ ಹೇಳಿದ್ದು ನಾನು. ಇಸ್ಪೀಟಿನ ಮಾತೇ ಎತ್ತಲಿಲ್ಲ. 'ಹುಡುಗ ಮಾಂಸ ಬಿಟ್ಟಿದ್ದಾನೆ, ಕಟ್ಟಿಕೊಂಡವಳಿಗೂ ಬಿಡಿಸ್ತಾನೆ' ಅಂತ ಬರೆದಿದೆ ಅಂದೆ. ಅಪ್ಪ ಒರೆಸ್ತಿದ್ದ ಕೋವಿ ಕೆಳಗಿಟ್ಟು, 'ಹಂದಿ ತಿನ್ನದ ಅಳಿಯನಾ' ಅಂತ ಹಣೆ ಹಿಡ್ಕೊಂಡ್ರು.

ದೇರಪ್ಪ: ನನಗೋಸ್ಕರ ಅಷ್ಟು ದೊಡ್ಡ ಸುಳ್ಳು ಹೇಳಿದ್ಯಾ?

ಬೊಳ್ಳಮ್ಮ: ನೀವು ಯಾರು ಅಂತ ಆಗ ನನಗೆಲ್ಲಿ ಗೊತ್ತಿತ್ತು? ಕಕ್ಕಬೆಯ ಗುಡ್ಡ ಹತ್ತಿ ಇಳಿಯೋಕೆ ನನ್ನಿಂದ ಆಗ್ತಿರ್ಲಿಲ್ಲ, ಅಷ್ಟೇ. ಎಂಟು ದಿನ ಬಿಟ್ಟು ನಿಮ್ಮ ಜಾತಕ ಬಂತು, ಅದೂ ಇಂಗ್ಲಿಷಿನಲ್ಲಿ, ಟೈಪ್ ಮಾಡಿ. ಜುಪಿಟರ್, ವೀನಸ್, ಎಲ್ಲದರಲ್ಲೂ 'ಇ' ಇದೇ ತರ ಹಾರಿತ್ತು. ಆ ಕಾಗದಕ್ಕೆ ಹೆಸರು ಹಾಕೋಕೂ ಹೆದರಿದವನು ಜೀವನ ಪೂರ್ತಿ ಹೆದರಿಕೊಂಡೇ ಇರ್ತಾನೆ ಅಂತ ಒಪ್ಪಿಕೊಂಡೆ.

ದೇರಪ್ಪ ಕನ್ನಡಕ ಕಳಚಿ ಒರೆಸತೊಡಗಿದ. ಮೊಣ್ಣಪ್ಪ ಮಾತ್ರ ಬೇರೆ ಯಾವುದೋ ಲೆಕ್ಕದಲ್ಲಿ ಮುಳುಗಿದ್ದ.

ಮೊಣ್ಣಪ್ಪ: ಅತ್ತಿಗೆ, ಒಂದು ನಿಮಿಷ. ನಿಮ್ಮಪ್ಪ ಯಾವ ಮದುವೆಮನೆಯಲ್ಲಿ ಸಿಕ್ಕಿದ್ರೂ ನನ್ನ ಎಲೆ ಹತ್ತಿರ ಬಂದು ನಿಂತು, 'ಇವನಿಗೆ ಹಂದಿ ಬೇಡ, ಪಾಪ, ಕುಂಬಳಕಾಯಿ ಹಾಕಿ' ಅಂತಿದ್ರಲ್ಲ, ಅದು ಇದಕ್ಕಾ?

ಬೊಳ್ಳಮ್ಮ: ಹೌದು ಮೊಣ್ಣಪ್ಪಣ್ಣ. ಸಾಯೋ ತನಕ ನಿಮ್ಮ ಮೇಲೆ ಅವರಿಗೆ ಬಹಳ ಮರುಕ ಇತ್ತು.

ಮೊಣ್ಣಪ್ಪ: ಹಿರಿಯರು ಅಂತ ಸುಮ್ಮನೆ ತಿಂದೆ. ನನಗೆ ಕುಂಬಳಕಾಯಿ ಕಂಡ್ರೆ ಆಗೋದಿಲ್ಲ.

ಒಳಗೆ ಒಲೆಯ ಮೇಲೆ ಹಂದಿ ಮಾಂಸ ಕುದಿಯುವ ಸದ್ದು ಕೇಳಿಸುತ್ತಿತ್ತು. ಮೊಣ್ಣಪ್ಪ ಎದ್ದು ಕೈ ತೊಳೆದುಕೊಂಡು ಬಂದು ಮಣೆ ಎಳೆದುಕೊಂಡ. ದೇರಪ್ಪ ಹಿಂದೆ ಮುಂದೆ ನೋಡಿ, ಪಕ್ಕದಲ್ಲೇ ಮೆಲ್ಲಗೆ ಕುಳಿತ.

ದೇರಪ್ಪ: ಪಂಥ ಏನಾಯ್ತು?

ಮೊಣ್ಣಪ್ಪ: ಮಿಷನ್ನು ನಿನ್ನದೇ, ಒಪ್ಪಿದೆ. ಮೀಸೆ ಊಟ ಆದ್ಮೇಲೆ ತೆಗೀತೇನೆ. ಅತ್ತಿಗೆ, ಬಡಿಸಿ.

ಬೊಳ್ಳಮ್ಮ: ನಿಮಗೆ ಮಾಂಸ ತಂದೆ. ಹಿತೈಷಿಗಳಿಗೆ ಪಕ್ಕದ ಮನೆಯಿಂದ ಕುಂಬಳಕಾಯಿ ತರ್ತೇನೆ, ಸ್ವಲ್ಪ ಕಾಯಲಿ.