ಸಿದ್ದಲಿಂಗಪ್ಪನವರ ಟಪಾಲು ಪೆಟ್ಟಿಗೆ

ಶನಿವಾರ ಬೆಳಿಗ್ಗೆ ಸಿದ್ದಲಿಂಗಪ್ಪನವರು ರೊಟ್ಟಿ ಮುಂದಿಟ್ಟುಕೊಂಡು ಶೇಂಗಾ ಚಟ್ನಿಯ ಪೊಟ್ಟಣ ಬಿಚ್ಚಿದರು. ಪೊಟ್ಟಣದ ಕಾಗದದ ಮೇಲೆ ಅವರದೇ ಹೆಸರಿತ್ತು.

ಚಟ್ನಿ ಎದುರು ಮನೆಯ ಪ್ರೇಮಾವತಿ ಕಳಿಸಿದ್ದು. ಕಾಗದ ಮಾತ್ರ ಟಪಾಲಿನವರದು. ಎಣ್ಣೆ ಕುಡಿದು ಗಾಜಿನಂತಾಗಿದ್ದ ಚೀಟಿಯನ್ನು ಕಿಟಕಿಗೆ ಹಿಡಿದು, ಅಳಿಸದೆ ಉಳಿದಿದ್ದ ಮರಾಠಿ ಅಕ್ಷರಗಳನ್ನು ಅವರು ಒಂದೊಂದಾಗಿ ಬಿಡಿಸಿದರು. ನಿಮ್ಮ ಟಪಾಲು ತಂದಿದ್ದೆ, ಮನೆಗೆ ಬೀಗವಿತ್ತು, ಶನಿವಾರ ಕೊನೆಯ ಸಲ ತರುತ್ತೇನೆ.

"ಗೌರಾ! ನನ್ನ ಲೈಸನ್ಸ್ ಬಂದಿತ್ತಂತ!"

"ಎಲ್ಲದರಿ?" ಹೆಂಡತಿ ಗೌರಾಬಾಯಿ ಒಳಗಿನಿಂದ ಕೇಳಿದರು.

"ಬಂದು ಹೋಗ್ಯದ!"

ಸಿದ್ದಲಿಂಗಪ್ಪನವರು ಪುಣೆಯ ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಯಲ್ಲಿ ಗುಮಾಸ್ತರು. ಸ್ಕೂಟರ್ ಲೈಸನ್ಸಿನ ಅವಧಿ ಮುಗಿದು ಹೊಸದಕ್ಕೆ ಅರ್ಜಿ ಹಾಕಿ ಎರಡು ತಿಂಗಳಾಗಿತ್ತು. ಅಂದಿನಿಂದ ಪೊಲೀಸರಿದ್ದ ಚೌಕ ಬಂದರೆ ಸ್ಕೂಟರಿನಿಂದ ಇಳಿದು, ಮುದಿ ಎತ್ತನ್ನು ದವಾಖಾನೆಗೆ ಕರೆದೊಯ್ಯುವವರಂತೆ ಅದರ ಪಕ್ಕದಲ್ಲಿ ನಡೆಯುತ್ತಿದ್ದರು. ಸೋಮವಾರದಿಂದ ಮಾಲೀಕರು ಅವರನ್ನು ವಿಮಾನ ನಗರದ ಹೊಸ ಗೋದಾಮಿಗೆ ಹಾಕಿದ್ದರು. ಮನೆಯಿದ್ದ ಧನಕವಡಿಯಿಂದ ಅಲ್ಲಿಗೆ ಎಷ್ಟು ಚೌಕ ಎಂದು ಎಣಿಸಲು ಹೋಗಿ ಹದಿನಾಲ್ಕಕ್ಕೆ ನಿಲ್ಲಿಸಿದ್ದರು.

ಎದುರು ಬಾಗಿಲಿಗೆ ಹೋಗಿ ಚೀಟಿ ತೋರಿಸಿದರೆ ಪ್ರೇಮಾವತಿಗೆ ಬೇಸರವೇನೂ ಆಗಲಿಲ್ಲ.

"ಗಾಳಿಗೆ ಹಾರಿ ನಮ್ಮ ಬಾಗಲಕ್ಕ ಬಂದಿತ್ತರಿ ಅಣ್ಣಾರ. ಕಾಗದ ಚಲೋ ದಪ್ಪ ಇತ್ತು. ಚಟ್ನಿ ಕಟ್ಟಾಕ ಆತು ಅಂತ ತಗೊಂಡೆ. ಅಂದಂಗ, ಖಾರ ಸರಿ ಆಗ್ಯದಲ್ರಿ?"

ತಪ್ಪು ಪ್ರೇಮಾವತಿಯದಲ್ಲ, ಟಪಾಲಿನವರದೂ ಅಲ್ಲ, ಪೆಟ್ಟಿಗೆ ಇಲ್ಲದ ಮನೆಯದು ಎಂದು ಸಿದ್ದಲಿಂಗಪ್ಪನವರು ತೀರ್ಮಾನಿಸಿದರು.

"ಅದಕ್ಕ ಪೆಟ್ಟಿಗಿ ಯಾಕ್ರಿ?" ಗೌರಾಬಾಯಿ ಅಂದರು. "ಇವತ್ತ ರಜಾ ಹಾಕಿ ಬಾಗಲದಾಗ ಕೂಡ್ರಿ. ಟಪಾಲಿನಾಕಿ ಬಂದ್ಲಂದ್ರ ಇಸ್ಕೊಳ್ರಿ. ಮುಗೀತು."

"ಇವತ್ತ ಕೂತೆ. ಮುಂದ? ಜೀವನಪೂರ್ತಿ ಬಾಗಲದಾಗ ಕೂಡ್ಲೇನು?"

ರಜೆಯನ್ನೇನೋ ಹಾಕಿದರು, ಆದರೆ ಪೆಟ್ಟಿಗೆ ಮಾಡಲು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಚಿತ್ರ ಬರೆದರು. ಒಂದು ಎಣ್ಣೆ ಡಬ್ಬಿ ನೆಟ್ಟಗೆ ನಿಲ್ಲಿಸುವುದು. ಮೇಲೆ ಎರಡು ಬೆರಳು ತೂರುವಷ್ಟು ಸೀಳು, ಮಳೆ ನೀರು ಒಳಗೆ ಹೋಗದಂತೆ ಸೀಳಿನ ಮೇಲೊಂದು ತಗಡಿನ ಇಳಿಜಾರು, ಕೆಳಗೆ ಅಂಗೈಯಗಲದ ಬಾಗಿಲು, ಅದಕ್ಕೊಂದು ಬೀಗ. ಒಂದು ತಾಸಿನ ಕೆಲಸ. ಚಿತ್ರ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅದನ್ನು ಮಡಚಲು ಅವರಿಗೆ ಮನಸ್ಸಾಗಲಿಲ್ಲ.

ಅಂಗಳದಲ್ಲಿ ಡಬ್ಬಿಗೆ ಮೊದಲ ಏಟು ಹಾಕಿದ್ದೇ ತಡ, ಆರು ಮನೆಗಳ ಆ ಕಟ್ಟಡದ ಸೊಸೈಟಿಯ ಅಧ್ಯಕ್ಷೆ ನೀಲಿಮಾಬಾಯಿ ಬಾಲ್ಕನಿಯಿಂದ, ಇಲ್ಲಿ ಬಡಿಯುವ ಹಾಗಿಲ್ಲ, ಟೆರೇಸಿಗೆ ಹೋಗಿ ಎಂದು ಮರಾಠಿಯಲ್ಲಿ ಆಜ್ಞೆ ಮಾಡಿದರು. ಸಿದ್ದಲಿಂಗಪ್ಪನವರು ಡಬ್ಬಿ, ಕತ್ತರಿ, ಸುತ್ತಿಗೆ ಹೊತ್ತು ಮೂರು ಮಹಡಿ ಹತ್ತಿದರು.

ಟೆರೇಸಿನಲ್ಲಿ ಮೂರನೇ ಮಹಡಿಯ ಅಭಿಲಾಷ ಕಾಫಿ ಕುಡಿಯುತ್ತಿದ್ದ. ಮಗರಪಟ್ಟಾದ ಐಟಿ ಕಂಪನಿಯಲ್ಲಿ ಕೆಲಸ, ಊರು ಬೆಂಗಳೂರು. ವಾರದ ಐದು ದಿನ ಕಂಪನಿಗೆ ಸಲಹೆ ಕೊಟ್ಟು, ಉಳಿದೆರಡು ದಿನ ಯಾರು ಸಿಗುತ್ತಾರೋ ಎಂದು ಕಾಯುತ್ತಿದ್ದವನು.

"ಸ್ಲಿಟ್ ತುಂಬಾ ಚಿಕ್ಕದಾಯ್ತು ಅಂಕಲ್. ಈಗ ಎಲ್ರೂ ದೊಡ್ಡ ಕವರ್ ಕಳಿಸ್ತಾರೆ. ಮಡಚಿ ತುರುಕಿದ್ರೆ ಒಳಗಿರೋ ಕಾರ್ಡ್ ಮುರಿದುಹೋಗುತ್ತೆ. ನಿಮ್ ಲೈಸನ್ಸೂ ಕಾರ್ಡೇ ಅಲ್ವಾ?"

ಎರಡು ತುಂಡಾದ ಲೈಸನ್ಸು ಸಿದ್ದಲಿಂಗಪ್ಪನವರ ಕಣ್ಣಿಗೆ ಕಟ್ಟಿತು. ಸೀಳನ್ನು ಅಗಲ ಮಾಡಿದರು. ಡಬ್ಬಿ ವೀಳ್ಯದೆಲೆಯಂತೆ ಮಡಚಿಕೊಂಡಿತು.

"ಡೋಂಟ್ ವರಿ ಅಂಕಲ್," ಎಂದು ಅಭಿಲಾಷ ಕೆಳಗೋಡಿ, ಮುರಿದ ಚಪ್ಪಲಿ ಸ್ಟ್ಯಾಂಡಿನ ಹಲಗೆಗಳನ್ನೂ ಡ್ರಿಲ್ ಮಷೀನನ್ನೂ ತಂದ. ಡ್ರಿಲ್ ಸದ್ದು ಕೇಳಿ ನೀಲಿಮಾಬಾಯಿಯೂ ಹತ್ತಿ ಬಂದರು. ಬಯ್ಯಲು ಬಂದವರು ಹಲಗೆ ನೋಡಿ ಮನಸ್ಸು ಬದಲಿಸಿದರು. ಗೇಟು ಸೊಸೈಟಿಯದು, ಅದಕ್ಕೆ ತೂಗು ಹಾಕುವ ಪೆಟ್ಟಿಗೆಯೂ ಸೊಸೈಟಿಯದೇ, ಆದ್ದರಿಂದ ಆರೂ ಮನೆಯ ಟಪಾಲು ಅದರಲ್ಲಿ ಹಿಡಿಯಬೇಕು ಎಂದರು. ಗಾತ್ರ ಎಷ್ಟಿರಬೇಕೆಂದು ಎರಡೂ ಕೈ ಚಾಚಿ ತೋರಿಸಿದರು. ಅವರ ಕೈ ಉದ್ದ.

ಹನ್ನೆರಡರ ಹೊತ್ತಿಗೆ ಪೆಟ್ಟಿಗೆ ಕೋಳಿಗೂಡಿನಷ್ಟಾಗಿತ್ತು. ಕ್ಯಾಲೆಂಡರ್ ಹಾಳೆಯ ಮೇಲೆ ಅಭಿಲಾಷನ ಕಾಫಿ ಲೋಟ ಕೂತಿತ್ತು.

ಅಷ್ಟರಲ್ಲಿ ಹಪ್ಪಳ ಒಣಹಾಕಲು ಪ್ರೇಮಾವತಿ ಬಂದರು. ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿದರು.

"ಅಣ್ಣಾರ, ಎಲ್ಲಾ ಚಲೋ ಅದ. ಆದರ ಇಷ್ಟ ಅಗಲ ಬಾಯಿ ಬಿಟ್ರ ಕಳ್ಳ ಕೈ ಹಾಕಂಗಿಲ್ಲೇನ್ರಿ?"

"ಕೈ ಹೋಗಂಗಿಲ್ರಿ."

"ಹೋಗ್ತದ, ನೋಡ್ರಿ."

ಹೋಯಿತು. ಬಳೆಗಳ ಸಮೇತ ಮೊಣಕೈವರೆಗೂ ಸಲೀಸಾಗಿ ಹೋಯಿತು. ಹೊರಗೆ ಮಾತ್ರ ಬರಲಿಲ್ಲ.

"ಅಣ್ಣಾರ," ಪ್ರೇಮಾವತಿಯ ದನಿ ಸಣ್ಣಗಾಯಿತು, "ಕಳ್ಳ ಸಿಕ್ಕಬಿದ್ದ ನೋಡ್ರಿ."

ಅಭಿಲಾಷ ಪೆಟ್ಟಿಗೆ ಹಿಡಿದೆಳೆದ, ನೀಲಿಮಾಬಾಯಿ ಪ್ರೇಮಾವತಿಯನ್ನು ಹಿಡಿದೆಳೆದರು. ಪ್ರೇಮಾವತಿ ಕೂಗಿದ ಕೂಗಿಗೆ ಕಟ್ಟಡದ ಜನವೆಲ್ಲ ಮೇಲೆ ಬಂದರು. ಬಾಗಿಲಲ್ಲಿ ಕೂತು ಕಾಯುತ್ತಿದ್ದ ಗೌರಾಬಾಯಿಯೂ ಕೊಬ್ಬರಿ ಎಣ್ಣೆ ಬಾಟಲಿ ಹಿಡಿದು ಓಡಿ ಬಂದರು. ಒಬ್ಬರು ಸೋಪು ಅಂದರು, ಇನ್ನೊಬ್ಬರು ಬರ್ಫ ಅಂದರು. ಈ ಗದ್ದಲದ ನಡುವೆ ಎಲ್ಲೋ ಕೆಳಗೆ ಬೆಲ್ ಬಾರಿಸಿದಂತೆ, ಯಾರೋ "ಕಾಕಾ, ಓ ಕಾಕಾ" ಎಂದಂತೆ ಸಿದ್ದಲಿಂಗಪ್ಪನವರಿಗೆ ಕೇಳಿಸಿತು. ಪುಣೆಯಲ್ಲಿ ಐವತ್ತು ದಾಟಿದ ಗಂಡಸರೆಲ್ಲ ಕಾಕಾಗಳೇ. ಯಾವ ಕಾಕಾನೋ ಏನೋ ಎಂದು ಅವರು ಸ್ಕ್ರೂ ಬಿಚ್ಚುವುದರಲ್ಲಿ ಮಗ್ನರಾದರು.

ಮೇಲಿನ ಹಲಗೆ ಬಿಚ್ಚಿದ ಮೇಲೆ ಕೈ ಹೊರಬಂತು. ಎರಡು ಬಳೆ ಪೆಟ್ಟಿಗೆಯಲ್ಲೇ ಉಳಿದವು. ಸೀಳು ಕಿರಿದಾಗಲೇಬೇಕೆಂದು ಎಲ್ಲರೂ ಒಮ್ಮತದಿಂದ ಹೇಳಿದರು. ಸಿದ್ದಲಿಂಗಪ್ಪನವರು ಅಡ್ಡ ಪಟ್ಟಿ ಬಡಿದು ಕಿರಿದು ಮಾಡಿದರು. ಅಳೆದರೆ ಎರಡು ಬೆರಳಿತ್ತು.

ನಾಲ್ಕು ಗಂಟೆಗೆ ಮೂವರು ಸೇರಿ ಪೆಟ್ಟಿಗೆಯನ್ನು ಇಳಿಸಿ ಗೇಟಿಗೆ ಬಿಗಿದರು. ನೀಲಿಮಾಬಾಯಿ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಇನ್ನು ಟಪಾಲಿನವಳು ಬರುವುದೊಂದೇ ಬಾಕಿ. ಸಿದ್ದಲಿಂಗಪ್ಪನವರು ಕುರ್ಚಿ ತರಿಸಿ ಪೆಟ್ಟಿಗೆಯ ಪಕ್ಕದಲ್ಲೇ ಕುಳಿತರು. ಮೈಕೈ ನೋಯುತ್ತಿದ್ದರೂ ಬಹಳ ದಿನಗಳ ಮೇಲೆ ಮನಸ್ಸು ತಣ್ಣಗಿತ್ತು.

ಅವಳು ಬಂದೇಬಿಟ್ಟಳು. ಟಪಾಲು ಹಂಚುವ ಸುಲಭಾ ಸ್ಕೂಟಿ ನಿಲ್ಲಿಸಿ, ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದಳು. "ಅರೆ ವಾ ಕಾಕಾ! ಛಾನ್!" ಎಂದು ಮೆಚ್ಚಿದಳು. ಚೀಲದಿಂದ ಒಂದು ಕಾಗದ ತೆಗೆದು ಸೀಳಿನಲ್ಲಿ ಬಿಟ್ಟಳು. ಕಾಗದ ಒಂದಿಷ್ಟೂ ಮಡಚದೆ ಒಳಗೆ ಜಾರಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಿದ್ದಲಿಂಗಪ್ಪನವರು ಬೀಗ ತೆಗೆದರು. ಒಳಗಿದ್ದದ್ದು ಒಂದು ತೆಳು ಚೀಟಿ. ಅದನ್ನು ಹಿಂದೆ ಮುಂದೆ ತಿರುಗಿಸಿದರು.

"ಲೈಸನ್ಸ್ ಎಲ್ಲಿ ತಾಯಿ?" ಮರಾಠಿಯಲ್ಲಿ ಕೇಳಿದರು.

"ವಾಪಸ್ ಹೋಯ್ತಲ್ಲ ಕಾಕಾ," ಸುಲಭಾ ಮರಾಠಿಯಲ್ಲೇ ಮೆತ್ತಗೆ ಹೇಳಿದಳು. "ಹನ್ನೆರಡೂವರೆಗೆ ಬಂದಿದ್ದೆ. ನಿಮ್ಮ ಬೆಲ್ ಬಾರಿಸಿದೆ, ಆರೂ ಮನೆಯ ಬೆಲ್ ಬಾರಿಸಿದೆ, ಕೂಗಿದೆ. ನರಪಿಳ್ಳೆಯೂ ಓಗೊಡಲಿಲ್ಲ. ಇವತ್ತು ಕೊನೆಯ ಸಲ ಇತ್ತು. ವಾಪಸ್ ಆದ ಚೀಟಿ ಇದು. ಬಾಗಿಲಲ್ಲಿಟ್ಟರೆ ಹಾರಿಹೋದೀತು ಅಂತ ಇಟ್ಟುಕೊಂಡು ತಿರುಗುತ್ತಿದ್ದೆ. ಪೆಟ್ಟಿಗೆ ಆಗಿದ್ದು ಒಳ್ಳೆಯದಾಯ್ತು ನೋಡಿ."

ಸಿದ್ದಲಿಂಗಪ್ಪನವರು ನೆರೆಯವರನ್ನು ನೋಡಿದರು. ನೆರೆಯವರು ಪೆಟ್ಟಿಗೆಯನ್ನು ನೋಡಿದರು.

"ಅಂದರೆ, ಈ ಪೆಟ್ಟಿಗೆ ಮಧ್ಯಾಹ್ನವೇ ಇಲ್ಲಿ ಇದ್ದಿದ್ದರೆ..."

"ಇದ್ದರೂ ಹಾಕುವ ಹಾಗಿಲ್ಲ ಕಾಕಾ. ಅದನ್ನು ಸಹಿ ಮಾಡಿಸಿಕೊಂಡು ಕೈಗೇ ಕೊಡಬೇಕು. ಮನೆಯಲ್ಲಿ ಯಾರಾದರೂ ಒಬ್ಬರು ಇದ್ದರೆ ಸಾಕಿತ್ತು."

ಸುಲಭಾ ಹೊರಟುಹೋದಳು. ಗೌರಾಬಾಯಿ ಪೆಟ್ಟಿಗೆಯ ಪಕ್ಕದ ಕುರ್ಚಿಯನ್ನು ಎತ್ತಿ ಒಯ್ದು ಮನೆಯ ಬಾಗಿಲಲ್ಲಿಟ್ಟರು.

ಅಷ್ಟರಲ್ಲಿ ಅಭಿಲಾಷ ಮುಂದೆ ಬಂದ. ಅವನ ಕಣ್ಣಲ್ಲಿ ಹೊಸ ಬೆಳಕಿತ್ತು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ಟೆರೇಸ್‌ಗೂ ಕೇಳೋ ಹಾಗೆ ಒಂದು ದೊಡ್ಡ ಬೆಲ್ ಮಾಡ್ಬಿಡೋಣ. ಸೋಮವಾರ ರಜಾ ಹಾಕ್ತೀರಾ?"