ಬಿಚ್ಚಿಕೊಳ್ಳುವ ಹೆಣಿಗೆ

ಸತ್ತ ಮೇಲಾದರೂ ಮಾವಂದಿರು ಅಳಿಯನ ಕೆಲಸದಲ್ಲಿ ತಪ್ಪು ಹುಡುಕುವುದನ್ನು ನಿಲ್ಲಿಸಬೇಕು ಎಂಬುದು ನನ್ನ ವಿನಮ್ರ ಅಭಿಪ್ರಾಯ. ಬದುಕಿರುವಷ್ಟು ದಿನ ಅದು ಅವರ ಹಕ್ಕು. ಆ ಹಕ್ಕನ್ನು ನಾನು ಮೂವತ್ತೊಂದು ವರ್ಷ ತಲೆಬಾಗಿ ಗೌರವಿಸಿದ್ದೇನೆ.

ನನ್ನ ಮಾವ ಹೆಕ್ಟರ್, ಬಾರ್ಕೂ ನದಿಯ ಈಚೆ ದಂಡೆಗೆಲ್ಲ ಹೆಸರಾದ ಚಾವಟಿಗಾರ. ಕಾಂಗರೂ ತೊಗಲನ್ನು ಎಳೆಎಳೆಯಾಗಿ ಸೀಳಿ ಅವರು ಹೆಣೆದ ಚಾವಟಿಯನ್ನು ನೆಲಕ್ಕೆ ಬಿಟ್ಟರೆ ಹಾವು ಹರಿದಂತಿರುತ್ತಿತ್ತು. ನಾನು ಕೊಳವೆಬಾವಿಯ ನೀರೆತ್ತುವ ಗಾಳಿಯಂತ್ರ ರಿಪೇರಿ ಮಾಡುವವನು. "ಇವನ ಕೈ ನಟ್ಟು ಬಿಗಿಯೋಕೆ ಲಾಯಕ್ಕು, ತೊಗಲು ಮುಟ್ಟೋಕಲ್ಲ" ಎಂದು ನಮ್ಮ ಮದುವೆಯ ಊಟದಲ್ಲೇ ಪೈಪ್ ಸೇದುತ್ತಾ ಘೋಷಿಸಿದ್ದರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಶೆಡ್ಡಿಗೆ ಬೀಗ ಹಾಕಿ ಬೀಗದ ಕೈಯನ್ನು ಅಡುಗೆಮನೆಯ ಮೊಳೆಗೆ ತೂಗುಹಾಕಿದೆವು. ನಮ್ಮ ನಾಯಿ ಆ ಶೆಡ್ಡಿನ ಬಾಗಿಲತನಕ ಹೋಗಿ, ಒಳಗಿನಿಂದ ಯಾರೋ ಗದರಿಸಿದಂತೆ ಕಿವಿ ಮಡಚಿಕೊಂಡು ವಾಪಸ್ಸು ಬರುತ್ತಿತ್ತು. (ನಾನೂ ಹಾಗೇ ಬರುತ್ತಿದ್ದೆ, ಕಿವಿ ಮಡಚಲು ಬರುವುದಿಲ್ಲ ಅಷ್ಟೆ.)

ಈ ಸಲ ಒಳಗೆ ಹೋಗಲೇಬೇಕಾಯಿತು. ನನ್ನ ಹೆಂಡತಿ ನೊರೀನ್ ಹುಡುಗಿಯಾಗಿದ್ದಾಗ ಊರಿನ ಮೇಳದಲ್ಲಿ ಎರಡೂ ಕೈಯಲ್ಲಿ ಚಾವಟಿ ಸಿಡಿಸುತ್ತಿದ್ದವಳು. ಹೋದ ವರ್ಷ ಲಕ್ವ ಹೊಡೆದು ಬಲಗೈ ಸೋತಿತು. ಚಮಚ ಹಿಡಿಯುವಷ್ಟು ಶಕ್ತಿ ಮರಳಿತು, ಅಲ್ಲಿಗೇ ನಿಂತಿತು. ಒಂದು ಸಂಜೆ ಟೀ ಕುಡಿಯುತ್ತಾ ಅವಳು ಆ ಕೈಯನ್ನೇ ನೋಡುತ್ತಾ ಹೇಳಿದಳು:

"ಈ ಸಲ ಮೇಳದಲ್ಲಿ ಒಂದೇ ಒಂದು ಸಲ ಸಿಡಿಸಿ ನೋಡ್ತೀನಿ, ಲೆಸ್. ಅಪ್ಪ ಇಟ್ಟುಹೋದ ತೊಗಲಲ್ಲಿ ಹಗುರವಾದ್ದೊಂದು ಚಾವಟಿ ಆದ್ರೆ ಮಾತ್ರ. ಇಲ್ಲಾಂದ್ರೆ ಈ ಕೈ ಹೀಗೇ ಮಡಿಲಲ್ಲಿ ಬಿದ್ದಿರ್ಲಿ."

ನಾನೇ ಮಾಡಿಕೊಡುತ್ತೇನೆ ಎಂದುಬಿಟ್ಟೆ. ಅವಳು ನನ್ನ ಕೈಗಳನ್ನು ನೋಡಿದಳು. ಅದು ಅಪ್ಪನಿಂದ ಬಂದ ನೋಟ.

ಶೆಡ್ಡಿನ ಪೆಟ್ಟಿಗೆಯಲ್ಲಿ ಉಳಿದದ್ದು ಎರಡೇ ತೊಗಲು. ಒಂದು ದೊಡ್ಡದು, ಹೊಳಪಿನದು, ಮದುಮಗನ ಕೋಟಿನಂತಿತ್ತು. ಇನ್ನೊಂದು ಚಿಕ್ಕದು, ಬೆನ್ನಿನ ಮೇಲೆ ಬೇಲಿಯ ಮುಳ್ಳುತಂತಿ ಗೀರಿ ಮಾಯ್ದ ಗಾಯದ ಗುರುತಿನದು. ನಾನು ದೊಡ್ಡದನ್ನು ಮೇಜಿನ ಮೇಲೆ ಹರಡಿ, ಕತ್ತಿ ಮಸೆದು, ಟೀ ಕುಡಿಯಲು ಹೋದೆ. ಬಂದು ನೋಡಿದರೆ ಮೇಜಿನ ಮೇಲೆ ಚಿಕ್ಕದಿತ್ತು. ದೊಡ್ಡದು ಸುರುಳಿಯಾಗಿ ಪೆಟ್ಟಿಗೆಯೊಳಗೆ ಮಲಗಿತ್ತು.

ನೊರೀನಳ ಕೆಲಸ ಎಂದುಕೊಂಡೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾನು ಆರಿಸಿದ ಅಂಗಿಯೂ ಹೀಗೇ ಬದಲಾಗುತ್ತಿತ್ತು. ಎರಡನ್ನೂ ಮತ್ತೊಮ್ಮೆ ಪರೀಕ್ಷಿಸಿದೆ. ದೊಡ್ಡದನ್ನು ಎಳೆದರೆ ಪಕ್ಕೆಯ ಕಡೆ ರೊಟ್ಟಿಹಿಟ್ಟಿನಂತೆ ಜಗ್ಗಿತು. ಬೆಳಕಿಗೆ ಹಿಡಿದರೆ ಉಣ್ಣಿ ಕಚ್ಚಿದ ಸೂಜಿತೂತುಗಳು ಕಂಡವು. ಚಿಕ್ಕದು ಬಾಲದಿಂದ ಕತ್ತಿನವರೆಗೆ ಒಂದೇ ದಪ್ಪ, ಎಳೆದರೆ ಮಿಸುಕಲಿಲ್ಲ. ಹಳೆಯ ಗಾಯ ಪೂರ್ತಿ ಮಾಯ್ದಿತ್ತು. ಹೆಂಡತಿಗೆ ಮನಸ್ಸಿನಲ್ಲೇ ಶರಣೆಂದೆ. (ಬಾಯಿಬಿಟ್ಟು ಹೇಳಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.)

ಕಾಂಗರೂ ತೊಗಲನ್ನು ಅಂಚಿನಿಂದ ಒಳಕ್ಕೆ ಸುತ್ತುತ್ತಾ ಒಂದೇ ಉದ್ದನೆಯ ಎಳೆಯಾಗಿ ಕತ್ತರಿಸಬೇಕು. ಹೆಬ್ಬೆರಳಿನ ಉಗುರನ್ನು ಅಂಚಿಗೆ ಆನಿಸಿಕೊಂಡರೆ ಅದೇ ಅಳತೆಗೋಲು. ಅಂದು ಪಶ್ಚಿಮದಿಂದ ಧೂಳು ಎದ್ದು ಹಗಲೇ ಕೆಂಪಗೆ ಮಂಕಾಗಿತ್ತು. ಗಾಯದ ಹತ್ತಿರ ಬರುವವರೆಗೆ ಕತ್ತಿ ನನ್ನ ಮಾತು ಕೇಳಿತು. ಅಲ್ಲಿ ಯಾರೋ ಮಣಿಕಟ್ಟು ಹಿಡಿದು ಮೆಲ್ಲಗೆ ಪಕ್ಕಕ್ಕೆ ಒತ್ತಿದಂತಾಯಿತು. ಕತ್ತಿ ಕೂದಲೆಳೆಯಷ್ಟು ಸರಿದು, ಗುರುತನ್ನು ಬಳಸಿಕೊಂಡು ಹೋಗಿ, ಮತ್ತೆ ಸಾಲಿಗೆ ಬಂತು. ಶೆಡ್ಡಿನಲ್ಲಿ ಪೈಪ್ ತಂಬಾಕಿನ ವಾಸನೆ ಇತ್ತು. ನಾನು ತಂಬಾಕು ಸೇದುವುದಿಲ್ಲ.

ಆಮೇಲೆ ಅದನ್ನು ಬೇಕಾದಷ್ಟು ಎಳೆಗಳಾಗಿ ತುಂಡರಿಸಿ, ಕುರಿಕೊಬ್ಬಿನಲ್ಲಿ ಸೋಪಿನ ಚೂರು ಕರಗಿಸಿ ಅವಕ್ಕೆ ಸವರಬೇಕು. ಅದಕ್ಕೆ ಜ್ಯಾಮ್ ಮಾಡುವ ಬಾಣಲೆ ಬಳಸಿದ್ದಕ್ಕೆ ನೊರೀನ್ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಎಳೆಗಳನ್ನು ವರಾಂಡದ ಕಂಬಕ್ಕೆ ಕಟ್ಟಿ, ಹಿಂದೆ ಹಿಂದೆ ನಡೆಯುತ್ತಾ ಜಗ್ಗಿ, ಹಿಗ್ಗುವಷ್ಟು ಹಿಗ್ಗಿಸಿ, ಅಗಲ ಸರಿಮಾಡಿ ಅಂಚು ಹೆರೆದೆ. ಎಲೆಯೂ ಅಲುಗದ ಹೊತ್ತಿನಲ್ಲಿ ಬಿಗಿದ ಎಳೆಗಳು ಗುಂಯ್ ಎನ್ನುತ್ತಿದ್ದವು. ತಪ್ಪು ತೋರಿಸುವ ಮುಂಚೆ ಮಾವನವರು ಗಂಟಲಲ್ಲಿ ಮಾಡುತ್ತಿದ್ದ ಸದ್ದು ಅದೇ ಶ್ರುತಿಯದು.

ಸೋಮವಾರ ಮಧ್ಯಾಹ್ನ ಹೆಣಿಗೆ ಶುರುಮಾಡಿದೆ. ಗೇಣುದ್ದ ಆಯಿತು. ಚೂರು ಸಡಿಲ, ಆದರೂ ಹೆಣಿಗೆಯೇ. ಮರುದಿನ ಕೊಳವೆಬಾವಿ ನೋಡಿಕೊಂಡು ಬಂದು ಶೆಡ್ಡು ತೆರೆದರೆ ಅದೇ ಗೇಣುದ್ದ ಉಕ್ಕಿನ ಸರಳಿನಂತೆ ಬಿಗಿಯಾಗಿತ್ತು. ತೊಗಲು ತಾನೇ ಕೂತಿದೆ ಎಂದು ಸಮಾಧಾನ ಮಾಡಿಕೊಂಡೆ. ಆದರೂ ಅಂದಿನ ಹೆಣಿಗೆ ಮುಗಿಸಿದ ಮೇಲೆ ಎಳೆಗಳು ಕೂಡುವ ಜಾಗದಲ್ಲಿ ಸಾಲಾಗಿ ಶಾಯಿಯ ಚುಕ್ಕೆ ಇಟ್ಟೆ. ಬುಧವಾರ ಬೆಳಿಗ್ಗೆ ಕೊಳವೆಬಾವಿಗೆ ಹೋಗಿ ಬರುವಷ್ಟರಲ್ಲಿ ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿದ್ದವು. ಯಾರೋ ಬಿಚ್ಚಿ ಮತ್ತೆ ಹೆಣೆದಿದ್ದರು. ಎಳೆ ದಾಟಿಸುವ ರೀತಿ ಹೆಕ್ಟರ್ ಅವರದೇ.

ನಾನು ಬೀಗ ಹಾಕುವುದನ್ನೂ ಮರೆತು ಅಡುಗೆಮನೆಗೆ ಬಂದೆ. ನೊರೀನ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ನಿನ್ನ ಅಪ್ಪ ಶೆಡ್ಡಿನಲ್ಲಿ ಚಾವಟಿ ಹೆಣೆಯುತ್ತಿದ್ದಾರೆ ಎಂದೆ. ಅವಳು ನಕ್ಕಳು.

"ಅಪ್ಪ ಅಲ್ಲ ಮಾರಾಯ, ನಾನು. ನೀನು ಬೋರಿನ ಹತ್ರ ಹೋದಾಗ ಹೋಗಿ ಹೆಣೀತೀನಿ. ಎಡಗೈ ಎಳೆಯತ್ತೆ, ಬಲಗೈ ಸುಮ್ನೆ ಹಿಡ್ಕೊಳ್ಳತ್ತೆ. ನೋಡು, ಬೆರಳು ಮಡಚೋಕೆ ಬರ್ತಿದೆ."

ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ ತೋರಿಸಿದಳು. ನನಗೆ ಒಂದು ಕ್ಷಣ ದೆವ್ವವೂ ಮರೆತುಹೋಯಿತು, ಚಾವಟಿಯೂ ಮರೆತುಹೋಯಿತು. ಆಮೇಲೆ ಗಂಡನ ಮಾನ ನೆನಪಾಯಿತು. ಹೆಣೆಯುವುದಾದರೆ ಹೆಣೆ, ನಾನು ಹೆಣೆದದ್ದನ್ನು ಬಿಚ್ಚುವುದು ಯಾವ ನ್ಯಾಯ ಎಂದೆ.

ಬೆಣ್ಣೆಯ ಚಾಕು ನಿಂತಿತು.

"ನಾನೆಲ್ಲಿ ಬಿಚ್ಚಿದೆ? ಬಿಚ್ಚೋಕೆ ಈ ಬೆರಳಲ್ಲಿ ಬಲ ಎಲ್ಲಿದೆ? ನಾನು ಹೋದಾಗೆಲ್ಲ ಬಿಚ್ಚೇ ಇತ್ತು. ನಿನಗೇ ನಾಚಿಕೆಯಾಗಿ ಬಿಚ್ಚಿದ್ದೀಯ ಅಂದ್ಕೊಂಡೆ."

"ತೊಗಲು ಬದಲಾಯಿಸಿದ್ದು?"

"ಯಾವ ತೊಗಲು?"

ಇಬ್ಬರೂ ಕಿಟಕಿಯಿಂದ ಶೆಡ್ಡಿನ ಕಡೆ ನೋಡಿದೆವು. ನಾನು ತೆರೆದಿಟ್ಟು ಬಂದಿದ್ದ ಬಾಗಿಲು ಮೆಲ್ಲಗೆ, ಸದ್ದಿಲ್ಲದೆ, ಶಿಸ್ತಾಗಿ ಮುಚ್ಚಿಕೊಂಡಿತು.

ಅಂದಿನಿಂದ ಹೆಣಿಗೆಯೆಲ್ಲ ನೊರೀನಳದೇ. ನಾನು ಎಳೆಗೆ ಸೋಪು ಸವರಿಕೊಡುವ ಉನ್ನತ ಹುದ್ದೆಯಲ್ಲಿದ್ದೆ. ಅವಳು ಹೆಣೆದ ಒಂದು ಎಳೆಯನ್ನೂ ಯಾರೂ ಬಿಚ್ಚಲಿಲ್ಲ. ಶನಿವಾರ ಮೇಳದ ಅಂಗಳದಲ್ಲಿ ಅವಳು ಒಬ್ಬಳೇ ನಿಂತಳು. ಮೊದಲನೇ ಸಲ ಚಾವಟಿ ಬರಿದೇ ಧೂಳಿಗೆ ಬಿತ್ತು. ಜನ ಕೆಮ್ಮಿದರು. ಎರಡನೇ ಸಲ ಬಲಗೈ ಭುಜದ ಮೇಲಕ್ಕೆ ಹೋಯಿತು. ಸಿಡಿದ ಸದ್ದಿಗೆ ಕಟ್ಟಿಹಾಕಿದ್ದ ಕುದುರೆಗಳೆಲ್ಲ ತಲೆ ಎತ್ತಿದವು. ನನ್ನ ಕಣ್ಣಿಗೆ ಧೂಳು ಹೋಗಿತ್ತು. ಬೇರೆ ಕಾರಣ ಹುಡುಕಬೇಡಿ.

ಆ ಹುಮ್ಮಸ್ಸಿನಲ್ಲಿ ಭಾನುವಾರ ನಾನು ಉಳಿದ ತುಂಡು ಎಳೆಗಳಲ್ಲಿ ನಾಯಿಗೊಂದು ಕೊರಳಪಟ್ಟಿ ಹೆಣೆದು ಶೆಡ್ಡಿನ ಮೇಜಿನ ಮೇಲಿಟ್ಟೆ. ಬರೀ ನಾಲ್ಕೆಳೆಯದು, ಮಕ್ಕಳೂ ಹೆಣೆಯುವಂಥದ್ದು. ಸೋಮವಾರ ಬೆಳಿಗ್ಗೆ ಇಬ್ಬರೂ ಜೊತೆಯಾಗಿ ಹೋಗಿ ನೋಡಿದೆವು. ಪಟ್ಟಿ ಇರಲಿಲ್ಲ. ನಾಲ್ಕು ಎಳೆಗಳು ಮೇಜಿನ ಮೇಲೆ ಒಪ್ಪವಾಗಿ, ಒಂದರ ಪಕ್ಕ ಒಂದು, ಹೊಸದಾಗಿ ಸೋಪು ಸವರಿಸಿಕೊಂಡು ಮಲಗಿದ್ದವು. ತಂಬಾಕಿನ ವಾಸನೆ ಇನ್ನೂ ಬೆಚ್ಚಗಿತ್ತು.

ಈ ಶೆಡ್ಡಿಗೆ ಬೆಂಕಿ ಇಡುತ್ತೇನೆ ಎಂದೆ. ನೊರೀನ್ ಆ ಎಳೆಗಳನ್ನು ಬಲಗೈಯಲ್ಲಿ ಸವರಿದಳು.

"ಹುಚ್ಚಪ್ಪ, ಇದು ಸಿಟ್ಟಲ್ಲ. ಅಪ್ಪ ಕಲಿಸೋದೇ ಹೀಗೆ. ಕಲೀತಾರೆ ಅನ್ನೋ ಭರವಸೆ ಇಲ್ಲದವರ ಹೆಣಿಗೆ ಅವನು ಮುಟ್ತಾನೇ ಇರ್ಲಿಲ್ಲ. ನಿನ್ನನ್ನ ಶಿಷ್ಯ ಅಂತ ತಗೊಂಡಿದ್ದಾನೆ."

ಶಿಷ್ಯ! ಮೂವತ್ತೊಂದು ವರ್ಷದ ಮೇಲೆ, ಕೊನೆಗೂ. ಎಷ್ಟು ದಿನ ಹೀಗೆ ಬಿಚ್ಚುತ್ತಾರೆ ಎಂದು ಮೆಲ್ಲಗೆ ಕೇಳಿದೆ.

"ನಂದು ಏಳು ವರ್ಷ ಬಿಚ್ಚಿದ್ದ," ಎಂದಳು. "ನಾನು ಚುರುಕಿದ್ದೆ."

ನನಗೀಗ ಅರವತ್ತಾರು. ಮಾವನವರಿಗೆ ಸಮಯದ ಅಭಾವವಿಲ್ಲ.